ಹಸಿರು ನಾಲಗೆ

ಅಲ್ಲೊಂದೇ ಕಡೆ ನೀರು ಬಿಳಿಯಾಗಿಲ್ಲ, ಎರಡು ಬಂಡೆಗಳ ನಡುವೆ ನುಣುಪಾಗಿ, ಹಸಿರಾಗಿ, ಇಸ್ತ್ರಿ ಹಾಕಿದ ಹಾಸುಬಟ್ಟೆಯಂತೆ ಒಂದು ಸುಕ್ಕೂ ಇಲ್ಲದೆ ಕೆಳಕ್ಕೆ ಬಾಗಿದೆ, ನಾಲಗೆ ಅನ್ನುತ್ತಾರೆ ಅದಕ್ಕೆ ಕ್ಲಬ್ಬಿನವರು, ಹಸಿರು ನಾಲಗೆ ಎಲ್ಲಿದೆಯೋ ಅಲ್ಲಿ ಒಬ್ಬರೇ ಕೂರುವ ಈ ಕಯಾಕ್ ದೋಣಿ ಹೋಗುತ್ತದೆ, ಉಳಿದದ್ದೆಲ್ಲ ಬರೀ ಗದ್ದಲ — ಅದನ್ನೇ ನೋಡುತ್ತ ದಂಡೆಯ ಮೇಲೆ ನಿಂತಿದ್ದೇನೆ, ಕೈಯಲ್ಲಿ ಹಗ್ಗದ ಚೀಲ, ಕ್ಯಾಪ್ಟನ್ ಈಗ ತಾನೇ ಕೊಟ್ಟು ಹೋದದ್ದು, ನೀವು ಕೆಳಗಡೆ ಹೋಗಿ ನಿಂತ್ಕೊಳ್ಳಿ ಅಮ್ಮ, ಯಾರಾದ್ರೂ ಮಗುಚಿದ್ರೆ ಹಗ್ಗ ಎಸೀರಿ, ಅದೂ ದೊಡ್ಡ ಕೆಲಸಾನೇ. ದೊಡ್ಡ ಕೆಲಸವೇ, ಅಲ್ಲ ಅಂದವರು ಯಾರು, ಆದರೆ ಕೇಳಲಿಲ್ಲವಲ್ಲ. ಎಲ್ಲರನ್ನೂ ಕೇಳಿದ, ನನ್ನೊಬ್ಬಳನ್ನು ಬಿಟ್ಟ. ಇಂಥ ಇಳಿಜಾರು ಬಂದಾಗಲೆಲ್ಲ ನಮ್ಮ ಕ್ಲಬ್ಬಿನ ಪದ್ಧತಿ ಒಂದೇ, ಎಲ್ಲರೂ ದೋಣಿ ದಡಕ್ಕೆಳೆದು ನೀರನ್ನು ನೋಡಬೇಕು, ಕ್ಯಾಪ್ಟನ್ ಒಬ್ಬೊಬ್ಬರ ಮುಂದೆ ನಿಂತು ನಿಮ್ಮ ದಾರಿ ಹೇಳಿ ಅನ್ನುತ್ತಾನೆ, ಎಲ್ಲಿ ನುಗ್ಗುತ್ತೀರಿ, ಎಲ್ಲಿ ತಿರುಗುತ್ತೀರಿ, ಎಲ್ಲಿ ನಿಲ್ಲುತ್ತೀರಿ, ಬೆರಳು ತೋರಿಸಿ ಬಾಯಿಬಿಟ್ಟು ಹೇಳಬೇಕು, ಹೇಳಿದವರನ್ನು ತಡೆಯುವ ಹಾಗಿಲ್ಲ, ಹೇಳಲಾಗದವರು ದೋಣಿ ಹೊತ್ತು ದಂಡೆಯ ಮೇಲೆ ನಡೆಯಬೇಕು. ಮೊನ್ನೆ ಮೊನ್ನೆ ಸೇರಿದ ಬ್ಯಾಂಕಿನವನನ್ನೂ ಕೇಳಿದ, ಅವನು ಬೆರಳನ್ನು ಗಾಳಿಯಲ್ಲಿ ತಿರುಗಿಸಿ, ಅಲ್ಲಿಂದ, ಅಂದ್ರೆ ಅಲ್ಲೇ ಎಲ್ಲೋ ಎಡಕ್ಕೆ, ಆಮೇಲೆ ನದಿ ಎಲ್ಲಿಗೆ ಕರ್ಕೊಂಡ್ ಹೋಗುತ್ತೋ ಅಲ್ಲಿಗೆ ಸಾರ್, ಎಲ್ಲರೂ ನಕ್ಕರು, ನಾನೂ ನಕ್ಕೆ, ಅವನು ದೋಣಿ ಹೊತ್ತು ನಡೆದು ಹೋದ, ಆದರೂ ಅವನನ್ನು ಕೇಳಿದರು, ಇಲ್ಲ ಅನ್ನುವ ಮರ್ಯಾದೆ ಅವನಿಗೆ ಸಿಕ್ಕಿತು. ಈ ಕ್ಯಾಪ್ಟನ್ ವಾರವೆಲ್ಲ ಹಲ್ಲಿನ ಡಾಕ್ಟರು, ಕಂಡವರ ಬಾಯನ್ನೆಲ್ಲ ಅಗಲಿಸಿ ನೋಡುವವನು, ನನ್ನ ಬಾಯಿ ಬಂದಾಗ ಮಾತ್ರ ಕೈಗೆ ಚೀಲ ಕೊಟ್ಟ.

ನಿನ್ನೆಯದೇ ಕಾರಣ, ಗೊತ್ತು, ನಿನ್ನೆ ಸುಲಭದ ನೀರಿನಲ್ಲಿ ಒಂದು ಮೊಂಡು ಬಂಡೆ ಎದುರಾಯಿತು, ಅದರಿಂದ ದೂರ ವಾಲಿದೆ, ಯಾರಾದರೂ ವಾಲುತ್ತಾರೆ, ಬರುತ್ತಿರುವ ಪೆಟ್ಟಿನ ಕಡೆಗೆ ಯಾರು ಬಾಗುತ್ತಾರೆ, ತಕ್ಷಣ ನೀರು ಅಂಚಿನ ಮೇಲೆ ಹತ್ತಿ ಮಗುಚಿಹಾಕಿತು, ಮೂಗಿನೊಳಗೆಲ್ಲ ನದಿ, ನಾನೊಂದು ಕಡೆ, ಹುಟ್ಟೊಂದು ಕಡೆ, ದೋಣಿಯನ್ನು ಹಿಡಿಯಲು ಅರ್ಧ ಕ್ಲಬ್ಬೇ ಓಡಿತು, ಅಮ್ಮ, ನಿಮ್ ದೋಣಿಗೆ ನಿಮಗಿಂತ ಮೊದ್ಲೇ ಹಸಿವಾಗಿತ್ತು ಅನ್ಸುತ್ತೆ, ಊಟಕ್ಕೆ ಓಡ್ತಿತ್ತು, ಅಂದ ಅದನ್ನು ಹಿಡಿದು ತಂದವನು. ಸಂಜೆ ಟೆಂಟಿನ ಹಗ್ಗಕ್ಕೆ ಒದ್ದೆ ಬಟ್ಟೆ ಹರವುವಾಗ ಮಗಳು ಪಕ್ಕಕ್ಕೆ ಬಂದು, ಬಂಡೆ ಬಂದ್ರೆ ಅಪ್ಕೋಬೇಕು ಅಮ್ಮ, ಬೇಕು ಅಂತಾನೇ ಅದರ ಮೈಮೇಲೆ ಬೀಳ್ಬೇಕು, ಎಷ್ಟ್ ಸಲ ಹೇಳ್ಲಿ. ಎಷ್ಟು ಸಲ ಹೇಳಲಿ — ಇದು ನನ್ನ ಮಾತು, ಇವಳ ಬಾಯಲ್ಲಿ, ಒಲೆ ಮುಟ್ಟಬೇಡ, ರಸ್ತೆಗೆ ಓಡಬೇಡ, ಮೆಟ್ಟಿಲ ಅಂಚಿಗೆ ಹೋಗಬೇಡ, ಇಷ್ಟು ವರ್ಷ ಇಬ್ಬರು ಮಕ್ಕಳನ್ನು ಎಲ್ಲದರಿಂದ ಹಿಂದಕ್ಕೆಳೆದ ಮೈ ಇದು, ಒಂದೇ ರಾತ್ರಿಯಲ್ಲಿ ಬಂಡೆಯನ್ನು ಅಪ್ಪು ಅಂದರೆ ಹೇಗೆ ಅಪ್ಪೀತು, ಅಪ್ಪುತ್ತದೆ, ಅಪ್ಪಿಸುತ್ತೇನೆ. ಮೊದಲು ನಾನು ಕ್ಲಬ್ಬಿನವರು ದೋಣಿ ಕಲಿಸುವ ಈಜುಕೊಳದ ಮೆಟ್ಟಿಲ ಮೇಲೆ ಇವಳ ಟವೆಲ್ ಹಿಡಿದು ಕೂರುತ್ತಿದ್ದೆ, ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ದಿನವಿಡೀ ಹಾಸುಬಟ್ಟೆ ಮಡಚಿ, ಅಲ್ಲಿಂದ ನೇರ ಕೊಳಕ್ಕೆ, ಮಡಿಲಲ್ಲಿ ಮತ್ತೆ ಬಟ್ಟೆ, ಒಂದು ದಿನ ಟವೆಲನ್ನು ಬೆಂಚಿನ ಮೇಲಿಟ್ಟು ನನಗೂ ಒಂದು ದೋಣಿ ಕೊಡಿ ಅಂದೆ, ಅಮ್ಮಾ, ಎಲ್ರೂ ನೋಡ್ತಿದಾರೆ, ನೋಡ್ಲಿ ಬಿಡು. ತಲೆಕೆಳಗಾಗಿ ನೀರಿನಲ್ಲಿ ತೂಗುವುದನ್ನು ಕಲಿತೆ, ಒಳಗೆ ಕೂತೇ ಸೊಂಟ ತಿರುಗಿಸಿ ದೋಣಿಯನ್ನು ನೆಟ್ಟಗೆ ಮಾಡುವುದನ್ನೂ ಕಲಿತೆ, ಆದರೆ ಆ ಮೊದಲ ಕ್ಷಣ, ನೀಲಿ, ಸದ್ದಿಲ್ಲ, ನನ್ನ ಇನ್ನೊಂದು ಸಾಕ್ಸ್ ಎಲ್ಲಿ ಅಂತ ಯಾರೂ ಕೂಗದ ಜಾಗ ಭೂಮಿಯ ಮೇಲೆ ಅದೊಂದೇ, ಮೇಲೆ ಬರಲು ಮನಸ್ಸೇ ಆಗುತ್ತಿರಲಿಲ್ಲ. ಈಗ ಮಗಳು ಇಳಿದಾಯಿತು, ಆ ನುಣುಪಿನ ಮೇಲೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಿ ಕೆಳಗೆ ಬಂಡೆಯ ಹಿಂದಿನ ನಿಂತ ನೀರಿಗೆ ತಿರುಗಿ, ದೋಣಿ ಬಿಟ್ಟು ನಡೆದು ಬರುತ್ತಿದ್ದಾಳೆ, ಅಮ್ಮ, ನೀನಿನ್ನೂ ಇಲ್ಲೇ ಇದ್ದೀಯಾ, ಕೆಳಗೆ ಹಗ್ಗ ಬೇಕು. ಬೇಕು, ತಗೋ, ಹಿಡ್ಕೋ — ಚೀಲ ಅವಳ ಕೈಗೆ ಹೋಗಿದೆ, ನನ್ನ ಕೈಗಳು ಖಾಲಿ, ಎಷ್ಟು ಹಗುರ ಇವು. ಕ್ಯಾಪ್ಟನ್, ನನ್ ದಾರಿ ಕೇಳ್ಲೇ ಇಲ್ಲ ನೀವು. ಅಮ್ಮ, ನಿನ್ನೆ ನೋಡಿದ್ರಲ್ಲ. ನಿನ್ನೇದು ನಿನ್ನೆಗಾಯ್ತು, ಈಗ ಕೇಳಿಸ್ಕೊಳ್ಳಿ, ಮೇಲಿನ ಆ ಕಪ್ಪು ಬಂಡೆಯ ಬಲಕ್ಕೆ ಒತ್ತಿ ಬರ್ತೀನಿ, ಹಸಿರಿನ ನಟ್ಟನಡುವೆ ಇಳೀತೀನಿ, ಅದು ಮುಗಿಯೋ ಕಡೆ ಎಡಕ್ಕೆ ಎರಡು ಹುಟ್ಟು ಹಾಕ್ತೀನಿ, ಕೆಳಗಿನ ಬಂಡೆಯ ಹಿಂದೆ ನಿಂತ್ಕೋತೀನಿ. ಅವನು ಮಗಳ ಮುಖ ನೋಡಿದ, ಒಪ್ಪಿಗೆ ಬೇಕಾದವನ ಹಾಗೆ. ಅವಳನ್ನ ಯಾಕ್ ನೋಡ್ತೀರಾ, ಬಾಯಿ ನನ್ನದು. ಯಾರೋ ಹಿಂದೆ ಕಿಸಕ್ಕನೆ ನಕ್ಕರು, ಮಗಳು ಚೀಲದ ಬಾಯಿ ಸಡಿಲಿಸುತ್ತ ಕೆಳಕ್ಕೆ ನಡೆದಳು, ಒಂದು ಸಲ ತಿರುಗಿ ನೋಡಿ, ಅಪ್ಕೋ, ಅಂದಳು, ಅಷ್ಟೇ.

ದೋಣಿಯೊಳಗೆ ಕೂತು, ಸೊಂಟಕ್ಕೆ ತೊಟ್ಟ ರಬ್ಬರಿನ ಹೊದಿಕೆಯನ್ನು ನೀರು ನುಗ್ಗದಂತೆ ಅದರ ಬಾಯಿಗೆ ಎಳೆದು ಕೂರಿಸುತ್ತೇನೆ, ಎಲಾಸ್ಟಿಕ್ಕಿನ ಹಾಸುಬಟ್ಟೆಯನ್ನು ಹಾಸಿಗೆಯ ಮೂಲೆಗೆ ಸಿಕ್ಕಿಸಿದ ಹಾಗೆ, ಇದರಲ್ಲಿ ಈ ಕ್ಲಬ್ಬಿನಲ್ಲಿ ನನ್ನ ಮೀರಿಸುವವರಿಲ್ಲ, ಬಾಯಿ ಒಣಗಿದೆ, ಎದುರಿಗೆ ಅಷ್ಟು ನೀರಿದ್ದರೂ, ಮೊಣಕಾಲು ಒಳಗಡೆ ಒತ್ತಿ ಹಿಡಿ, ಕಪ್ಪು ಬಂಡೆ, ಬಲಕ್ಕೆ, ಇನ್ನೂ ಬಲಕ್ಕೆ, ಹಾಂ — ಬಂತು, ಹಸಿರು, ದಂಡೆಯಿಂದ ಕಂಡಷ್ಟು ಸಣ್ಣದಲ್ಲ ಇದು, ಒಂದು ಕೋಣೆಯಷ್ಟು ಅಗಲ, ಸದ್ದೆಲ್ಲ ಪಕ್ಕಕ್ಕೆ ಸರಿದು ನಿಂತಿದೆ, ನಾನು ಬೀಳುತ್ತಿಲ್ಲ, ಇಳಿಯುತ್ತಿದ್ದೇನೆ, ನಾನೇ, ಎಡಕ್ಕೆ, ಎಡಕ್ಕೆ ಒಂದು, ಇನ್ನೊಂದು ಹಾಕಲು ಆಗಲಿಲ್ಲ, ಬಂಡೆ ನೇರ ಪಕ್ಕೆಗೆ ಬರುತ್ತಿದೆ, ಮೈಯೆಲ್ಲ ಹಿಂದಕ್ಕೆ ಹಿಂದಕ್ಕೆ ಅನ್ನುತ್ತಿದೆ, ಬೇಡ, ಅಪ್ಪು, ಅಪ್ಪಿದೆ, ಕೆನ್ನೆಗೆ ಒರಟು ಕಲ್ಲು, ತಣ್ಣಗೆ, ಎರಡೂ ತೋಳು ಅದರ ಮೇಲೆ, ಜ್ವರದ ಮಗುವನ್ನು ತಬ್ಬಿದ ಹಾಗೆ ತಬ್ಬಿ ಹಿಡಿದಿದ್ದೇನೆ, ದೋಣಿ ಕೆಳಗೆ ಗಡಗಡ ನಡುಗಿತು, ಮಗುಚಲಿಲ್ಲ, ಮಗುಚಲಿಲ್ಲ, ಹಿಂಭಾಗ ಮೆಲ್ಲಗೆ ಜಾರಿ ಸುತ್ತಿತು, ಈಗ ನಾನು ಹಿಮ್ಮುಖ, ನದಿ ಬಂದ ಕಡೆಗೇ ಮುಖ ಮಾಡಿ ನದಿಯಲ್ಲಿ ಇಳಿಯುತ್ತಿದ್ದೇನೆ, ಮೇಲೆ ಬೆಳಕು ಹಾಯುವ ಆ ಹಸಿರು ನಾಲಗೆ, ನಾನು ಬಂದ ದಾರಿ. ಕೆಳಗಿನ ನಿಂತ ನೀರು ಬೆನ್ನಿನ ಕಡೆಯಿಂದ ಬಂದು ಹಿಡಿದುಕೊಂಡಿತು. ಎಸೆಯದ ಹಗ್ಗ ಹಿಡಿದು ಮಗಳು ದಡದಲ್ಲಿ, ಏನಮ್ಮ ಇದು, ರಿವರ್ಸ್ ಗೇರಲ್ಲಿ, ಅನ್ನುತ್ತ ನಗುತ್ತಿದ್ದಾಳೆ, ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ, ಕ್ಯಾಪ್ಟನ್ ಬಂಡೆಯಿಂದ ಬಂಡೆಗೆ ದಾಟುತ್ತ ಬಂದ, ಅಮ್ಮ, ನೀವ್ ಹೇಳಿದ ದಾರಿ ಇದಲ್ವಲ್ಲ. ಅಲ್ಲ, ಅದಕ್ಕೇ ಇನ್ನೊಂದ್ ಸಲ ಹೋಗ್ತೀನಿ. ಬೇಡ ಅನ್ನುತ್ತಾನೆ ಈಗ, ಊಟ, ಹೊತ್ತಾಯಿತು, ಮೊಣಕಾಲು, ಏನಾದರೊಂದು ತೆಗೆಯುತ್ತಾನೆ, ತೆಗೆಯಲಿ, ಉತ್ತರ ನನ್ನ ಬಾಯಲ್ಲೇ ಇದೆ — ಅವನು ಹೆಲ್ಮೆಟ್ಟು ತೆಗೆದ, ತಲೆ ಕೆರೆದುಕೊಂಡ, ನನ್ನ ಮುಂದೆ ಬಂದು ನಿಂತ, ಎಲ್ಲರ ಮುಂದೆ ನಿಲ್ಲುವ ಹಾಗೇ, ಹಾಗಾದ್ರೆ ನಿಮ್ಮ ದಾರಿ ಹೇಳಿ. ಕೇಳಿದ. ಬೆರಳು ಎತ್ತಿದ್ದೇನೆ, ಎಲ್ಲರೂ ಕಾಯುತ್ತಿದ್ದಾರೆ, ನೀರು ತೊಟ್ಟಿಕ್ಕುವ ಬೆರಳು, ಅದರ ತುದಿಗೆ ಸರಿಯಾಗಿ, ಎರಡು ಬಂಡೆಗಳ ನಡುವೆ, ನುಣುಪಾಗಿ, ಹಸಿರಾಗಿ, ಹಸಿರು —