ಅಮ್ಮ ಕಾಯುವ ಜಾಗ

ಅಮ್ಮನ ಬಲಗೈ ಮಣಿಕಟ್ಟಿಗೆ ಆಪರೇಷನ್ ಎಂದು ನಿಶ್ಚಯವಾಗಿತ್ತು. ಇಷ್ಟು ವರ್ಷ ನೃತ್ಯಶಾಲೆಯ ಮಕ್ಕಳು ಕುಣಿದದ್ದು ಅವಳು ನುಡಿಸುವ ಕೀಬೋರ್ಡಿಗೆ. ಈ ಸಲದ ಪ್ರದರ್ಶನಕ್ಕೆ ರೆಡಿಮೇಡ್ ಸಂಗೀತ ಹಾಕಿಕೊಳ್ಳುತ್ತೇನೆ ಎಂದು ನೃತ್ಯದ ಟೀಚರ್ ಹೇಳಿದಾಗ ಅಮ್ಮನ ಮುಖ ಸಪ್ಪಗಾಯಿತು. ಆಸ್ಪತ್ರೆಗೆ ಹೋಗುವ ಮೊದಲು ನುಡಿಸಿಟ್ಟು ಹೋಗು, ಉಳಿದದ್ದು ನನಗೆ ಬಿಡು ಎಂದಳು ಮಗಳು.

ಕೀಬೋರ್ಡಿನಿಂದ ಕಂಪ್ಯೂಟರಿಗೆ ಒಂದು ಕೇಬಲ್ ಎಳೆದಳು. ಅದರಲ್ಲಿ ಹೋಗುವುದು ದನಿಯಲ್ಲ, ಬರೀ ಸುದ್ದಿ ಎಂದು ವಿವರಿಸಿದಳು: ಯಾವ ಕೀ ಒತ್ತಿದೆ, ಎಷ್ಟು ಬಿರುಸಾಗಿ, ಯಾವಾಗ ಬಿಟ್ಟೆ. ಆ ಸುದ್ದಿಯನ್ನೇ ವಾಪಸ್ ಕಳಿಸಿದರೆ ಕೀಬೋರ್ಡ್ ತಾನಾಗಿ ನುಡಿಯುತ್ತದೆ.

"ಅಂದ್ರೆ ಚಾಡಿ ಹೇಳೋ ಯಂತ್ರ," ಎಂದಳು ಅಮ್ಮ, ಸ್ಟೂಲು ಹತ್ತಿರ ಎಳೆದುಕೊಳ್ಳುತ್ತ.

ಅಮ್ಮ ನುಡಿಸಿದ ಒಂದೊಂದು ಸ್ವರವೂ ಪರದೆಯ ಮೇಲೆ ಸಣ್ಣ ಪಟ್ಟಿಯಾಗಿ ಬಿತ್ತು. ಎಷ್ಟೋ ಪಟ್ಟಿಗಳು ತಾಳದ ಗೆರೆಗಿಂತ ಚೂರು ಆಚೆ ಬಿದ್ದಿದ್ದವು. ಪಾಪ, ಕೈನೋವು ಎಂದುಕೊಂಡಳು ಮಗಳು. ಹಾಸಿಗೆಯ ಸುಕ್ಕನ್ನೂ ಸಹಿಸದ ಹುಡುಗಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಒಂದು ಗುಂಡಿ ಒತ್ತಿ ಎಲ್ಲವನ್ನೂ ಗೆರೆಗೆ ತಂದಿಟ್ಟಳು.

ತಾಲೀಮಿನ ದಿನ ಅಮ್ಮ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದು ಹಿಂದಿನ ಕುರ್ಚಿಯಲ್ಲಿ ಕೂತಳು. ಯಾರೂ ಮುಟ್ಟದ ಕೀಬೋರ್ಡ್ ನುಡಿಯತೊಡಗಿತು. ಮಕ್ಕಳು ಹಾರಿದರು, ಕಾಲು ನೆಲ ಮುಟ್ಟುವ ಮೊದಲೇ ಸ್ವರ ಮುಂದೆ ಹೋಗಿಬಿಟ್ಟಿತ್ತು. ಹಿಂದೆ ಬಿದ್ದವರು ಓಡಿದರು, ಇಬ್ಬರು ಡಿಕ್ಕಿ ಹೊಡೆದುಕೊಂಡರು. ಟೀಚರ್ ಬ್ಯಾಗಿನಿಂದ ರೆಡಿಮೇಡ್ ಸಂಗೀತದ ಪೆನ್‌ಡ್ರೈವ್ ತೆಗೆದರು.

ಅಮ್ಮ ಮಗಳನ್ನು ಹತ್ತಿರ ಕರೆದಳು. "ನಾನು ಕಾದಿದ್ದೆಲ್ಲ ಎಲ್ಲಿ ಹೋಯ್ತೇ?"

"ಏನು ಕಾದಿದ್ದು?"

"ಮಕ್ಕಳು ಹಾರ್ತಾರಲ್ಲ. ಅವರ ಕಾಲು ಕೆಳಗೆ ಬರೋವರೆಗೂ ನಾನು ಒತ್ತಲ್ಲ ಕಣೆ. ಅವರು ಎದುರಿಗಿಲ್ಲದಿದ್ರೂ ಕೈಗೆ ಅದು ಗೊತ್ತು."

 ಕೈನೋವು ಅಂದುಕೊಂಡು ಸರಿಮಾಡಿದೆ ಎಂದಳು ಮಗಳು. ಅಮ್ಮ ನಕ್ಕಳು, ಅಷ್ಟೇ.

ಪುಣ್ಯಕ್ಕೆ ಕಂಪ್ಯೂಟರ್ ಮೊದಲು ಕೇಳಿದ್ದನ್ನು ಬಿಸಾಡಿರಲಿಲ್ಲ. ಮಗಳು ಪಟ್ಟಿಗಳನ್ನೆಲ್ಲ ಮೊದಲಿದ್ದ ಜಾಗಕ್ಕೆ ಮರಳಿಸಿ, ಇನ್ನೊಂದೇ ಸಲ ಎಂದು ಟೀಚರನ್ನು ಕೇಳಿಕೊಂಡಳು.

ಈಗ ಮಕ್ಕಳು ಹಾರಿದಾಗ ಕೀಬೋರ್ಡ್ ಸುಮ್ಮನಾಯಿತು. ಆ ಮೌನದೊಳಗೆ ಪಾದಗಳು ಇಳಿದ ಸದ್ದು ಕೇಳಿಸಿತು, ಅದರ ಬೆನ್ನಿಗೇ ಸ್ವರ. ಮಗಳು ಪರದೆ ನೋಡುವುದನ್ನು ಬಿಟ್ಟು ಮಕ್ಕಳ ಕಾಲುಗಳನ್ನೇ ನೋಡುತ್ತ ನಿಂತಳು.

ಟೀಚರ್ ಪೆನ್‌ಡ್ರೈವನ್ನು ಮತ್ತೆ ಬ್ಯಾಗಿಗೆ ಹಾಕಿ ಜಿಪ್ ಎಳೆದರು.

"ಚಾಡಿ ಹೇಳಿದ್ರೂ ಸರಿಯಾಗೇ ಹೇಳಿದೆ," ಎಂದಳು ಅಮ್ಮ, ಕುರ್ಚಿಗೆ ಒರಗುತ್ತ.