ಹಾಜರಿ ಪುಸ್ತಕದಲ್ಲಿ ‘ರಜೆ’

ಬುಧವಾರ ಬೆಳಿಗ್ಗೆ ಹೊಲಿಗೆ ಟೀಚರ್ ಕೈಗೆ ಒಂದು ಕಾಗದ ಬಂತು. ಹತ್ತು ವರ್ಷದಿಂದ ಅವಳು ತರಬೇತಿ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಅವಳ ಹತ್ತಿರ ಕಲಿತ ಎಷ್ಟೋ ಜನ ಈಗ ಸ್ವಂತ ಅಂಗಡಿ ಇಟ್ಟಿದ್ದಾರೆ. ಕಾಗದದಲ್ಲಿ ಆ ಮಾತೇ ಇರಲಿಲ್ಲ. ಇನ್ನು ಮುಂದೆ ಕಲಿಸುವವರಿಗೆ ಪದವಿ ಇರಬೇಕು. ಇಲ್ಲದವರು ಪದವಿಗೆ ಸೇರಿದ್ದೇವೆ ಎಂಬ ಪತ್ರವನ್ನಾದರೂ ಸೋಮವಾರದೊಳಗೆ ತರಬೇಕು. ಇಲ್ಲದಿದ್ದರೆ ಕೆಲಸ ಇಲ್ಲ.

ಅವಳು ಮಹಿಳಾ ಕಾಲೇಜನ್ನು ಎರಡನೇ ವರ್ಷದ ನಡುವೆ ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಮದುವೆಯಾಯಿತು, ಹೋಗುವುದು ನಿಂತಿತು. ಯಾರಿಗೂ ಹೇಳಿಬರಲಿಲ್ಲ. ಇವತ್ತಿಗೂ ಆ ಕಾಲೇಜಿನ ಮುಂದೆ ಹೋಗಬೇಕಾದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದಳು.

“ಮತ್ತೆ ಸೇರೋಣ ಅಂದ್ರೆ ಹನ್ನೆರಡನೇ ತರಗತಿ ಅಂಕಪಟ್ಟಿ ಬೇಕು. ಅದೆಲ್ಲಿ?” ಎಂದ ಗಂಡ. ಅವನು ಮಿಕ್ಸಿ ರಿಪೇರಿ ಮಾಡುವವನು. ಮಾತಾಡುವಾಗಲೂ ಕೈಯಲ್ಲಿ ಸ್ಕ್ರೂ ಡ್ರೈವರ್ ಇರಬೇಕು.

“ಕಾಲೇಜಲ್ಲೇ ಇದೆ. ಸೇರುವಾಗ ಕೊಟ್ಟಿದ್ದೆ.”

“ಹಾಗಾದ್ರೆ ಇಲಿಗಳು ಅದನ್ನ ತಿಂದು, ಅವು ಪದವಿ ಮುಗಿಸಿರ್ತವೆ ಬಿಡು.”

ಅತ್ತೆ ಕಾಳು ಆರಿಸುತ್ತಿದ್ದರು. ತಲೆ ಎತ್ತದೆ, “ಈ ವಯಸ್ಸಲ್ಲಿ ಚೀಲ ನೇತುಹಾಕ್ಕೊಂಡು ಹೊರಟ್ರೆ ಬೀದಿಯವರು ನಗಲ್ವಾ?” ಎಂದರು.

ಹೊಲಿಗೆ ಟೀಚರ್ ಭಯವೇ ಬೇರೆ. ತನ್ನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿರುತ್ತಾರೆ, ಹೋದರೆ ಎಲ್ಲರೆದುರು ಅದನ್ನು ತೆಗೆದು ತೋರಿಸುತ್ತಾರೆ ಎಂದು ಅವಳು ನಂಬಿಬಿಟ್ಟಿದ್ದಳು.

ಪಕ್ಕದ ಮನೆಯಾಕೆ ಅದೇ ಕಾಲೇಜಿನ ಹಳೆಯ ಕಡತಗಳನ್ನು ನೋಡಿಕೊಳ್ಳುವವರು. ಬೀದಿಯವರೆಲ್ಲ ಅವರನ್ನು ಕರೆಯುವುದೇ ಕಡತದಕ್ಕ ಎಂದು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬಾಗಿಲಲ್ಲಿ ಬಂದು ನಿಂತರು.

“ಇಲಿ ತಿಂದಿದ್ಯೋ ಇಲ್ವೋ ಬಂದು ನೋಡು. ಇಲ್ಲೇ ಕೂತು ಇಲಿ ಮೇಲೆ ಯಾಕೆ ಅಪವಾದ ಹೊರಿಸ್ತೀರಿ?”

ಮರುದಿನ ಇಬ್ಬರೂ ಹೋದರು. ಕಡತದ ಕೋಣೆ ಮೆಟ್ಟಿಲ ಕೆಳಗಿತ್ತು. ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು, ಎಲ್ಲದರ ಮೇಲೂ ವರ್ಷದ ಚೀಟಿ. ಕಡತದಕ್ಕ ಮೊದಲು ತೆಗೆದದ್ದು ಅವಳ ವರ್ಷದ ಪುಸ್ತಕವನ್ನಲ್ಲ, ಎಲ್ಲಕ್ಕಿಂತ ತೆಳ್ಳಗಿದ್ದ ಒಂದನ್ನು.

“ಇದು ಮೊದಲನೇ ಹಾಜರಿ ಪುಸ್ತಕ. ಅರವತ್ತೆರಡು ವರ್ಷ ಆಯ್ತು. ಆಗ ಕಟ್ಟಡ ಎಲ್ಲಿತ್ತು? ಹಿಟ್ಟಿನ ಗಿರಣಿ ಮೇಲೆ ಒಂದು ಕೋಣೆ. ಗಿರಣಿ ಓಡುವಾಗ ಬರವಣಿಗೆ, ನಿಂತಾಗ ಪಾಠ. ಹನ್ನೊಂದು ಹುಡುಗಿಯರು ಸೇರಿದ್ರು. ವರ್ಷ ಮುಗಿಯೋ ಹೊತ್ತಿಗೆ ಉಳಿದವರು ನಾಲ್ಕೇ ನಾಲ್ಕು.”

“ಮಿಕ್ಕ ಏಳು ಜನ?”

“ಇನ್ನೇನು, ಮದುವೆ. ಒಬ್ಬಳ ತಾಯಿಗೆ ಕಾಯಿಲೆ. ಹೆಸರು ಹೊಡೀರಿ ಅಂತ ಕಾಲೇಜು ಸಮಿತಿಯವರು ಹೇಳಿದ್ರು. ಮೊದಲ ಪ್ರಾಂಶುಪಾಲರು ಹೊಡೀಲಿಲ್ಲ. ಏನು ಬರೆದಿದ್ದಾರೆ ಓದು.”

ಹೊಲಿಗೆ ಟೀಚರ್ ಬೆರಳಿಟ್ಟು ಓದಿದಳು. ಏಳು ಹೆಸರುಗಳ ಮುಂದೆಯೂ ಒಂದೇ ಪದ: ರಜೆ.

“ಬಿಟ್ಟೆ ಅಂತ ಹೇಳಬೇಕಾದವಳು ಅವಳು, ನಾನಲ್ಲ ಅಂದ್ರಂತೆ. ಸಮಿತಿಯವರು ನಕ್ಕರಂತೆ. ಮೂರನೇ ವರ್ಷ ಇಬ್ಬರು ವಾಪಸ್ ಬಂದ್ರು. ಒಬ್ಬಳ ಕಂಕುಳಲ್ಲಿ ಮಗು. ಆ ಮಗು ಮೇಜಿನ ಕೆಳಗೆ ಮಲಗಿ ಇತಿಹಾಸದ ಪಾಠ ಪೂರ್ತಿ ಕೇಳಿತಂತೆ.”

ಆಮೇಲೆ ಪುಸ್ತಕಗಳು ದಪ್ಪಗಾಗುತ್ತ ಹೋದವು. ಸ್ವಂತ ಜಾಗದಲ್ಲಿ ಎರಡು ಕೋಣೆ. ಮತ್ತೊಂದಷ್ಟು ವರ್ಷಕ್ಕೆ ವಿಜ್ಞಾನ, ಪ್ರಯೋಗಾಲಯ, ದೂರದಿಂದ ಬರುವವರಿಗೆ ಹಾಸ್ಟೆಲ್. ಈಗ ಸಾವಿರದ ಇನ್ನೂರು ಜನ ಓದುತ್ತಾರೆ. ಬಂದ ಪ್ರಾಂಶುಪಾಲರೆಲ್ಲ ಆ ಪದವನ್ನು ಹಾಗೇ ಉಳಿಸಿಕೊಂಡರು. ನಾಲ್ಕನೆಯವರು ಒಂದು ದಿನ ಎಲ್ಲ ಪುಸ್ತಕಗಳನ್ನೂ ಕೆಳಗಿಳಿಸಿ ಆ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿದರು. ಮುನ್ನೂರು ದಾಟಿತು. “ಇಷ್ಟು ಜನ ರಜೆಯಲ್ಲಿದ್ದಾರೆ ಅಂದ್ರೆ ಅವರು ಬರೋ ಹೊತ್ತಿಗೆ ನಾವು ಬಾಗಿಲು ತೆರೆದಿಲ್ಲ ಅಂತ ತಾನೆ?” ಎಂದರು. ಸಂಜೆ ತರಗತಿ ಹುಟ್ಟಿದ್ದು ಹಾಗೆ.

ಕಡೆಗೆ ಅವಳ ವರ್ಷದ ಪುಸ್ತಕ ಬಂತು. ಅವಳ ಹೆಸರಿನ ಮೇಲೆ ಕೆಂಪು ಗೆರೆ ಇರಲಿಲ್ಲ. ಮುಂದೆ ನೀಲಿ ಶಾಯಿಯಲ್ಲಿ ಅದೇ ಎರಡಕ್ಷರ. ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಲಕೋಟೆ, ಅದರೊಳಗೆ ಅಂಕಪಟ್ಟಿ. ಅಂಚು ಹಳದಿಯಾಗಿತ್ತು, ಅಷ್ಟೇ. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು.

“ಒಂದು ಮಾತು ಸರಿಯಾಗಿ ಕೇಳಿಸ್ಕೋ,” ಎಂದರು ಕಡತದಕ್ಕ. “ರಜೆ ಅಂತ ಬರೆದಿದ್ದು ಮರ್ಯಾದೆಗೆ. ಅದರಿಂದ ಹಳೇ ಹಾಜರಿ ಲೆಕ್ಕಕ್ಕೆ ಬರಲ್ಲ. ನೀನು ಹೊಸದಾಗೇ ಸೇರಬೇಕು. ಮೊದಲ ವರ್ಷದ ಅಂಕಗಳು ನಡೀತವೋ ಇಲ್ವೋ ವಿಶ್ವವಿದ್ಯಾಲಯವನ್ನೇ ಕೇಳಬೇಕು. ಶನಿವಾರ ಕಡೇ ದಿನ.”

ಸಂಜೆ ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಗಂಡ ಅಂಕಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇಲಿ ಮುಟ್ಟಿಲ್ಲ, ಒಪ್ಪಿದೆ. ಆದ್ರೆ ಮೂರು ವರ್ಷ. ಕೆಲಸ, ಮನೆ, ಓದು. ಎಲ್ಲಿ ಆಗುತ್ತೆ? ಅರ್ಧಕ್ಕೆ ಬಿಟ್ರೆ ಇನ್ನೊಂದು ಸಲ ಸಂಕಟ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳ ಮುಖ ಸಪ್ಪಗಾಯಿತು. “ಹೂಂ, ಬೇಡ ಬಿಡಿ,” ಎಂದು ಲಕೋಟೆಯನ್ನು ಮಡಿಸಿದಳು.

ಅತ್ತೆ ತಲೆ ಎತ್ತಿ ಕೇಳಿದರು:

“ಆ ಪುಸ್ತಕದಲ್ಲಿ ಯಾವ ತಿಂಗಳಿಂದ ರಜೆ ಅಂತ ಇದೆ?”

ಅವಳು ತಿಂಗಳು ಹೇಳಿದಳು.

“ಮದುವೆ ಆದ್ಮೇಲೂ ಓದಿಸ್ತೀವಿ ಅಂತ ನಿಮ್ಮಪ್ಪನಿಗೆ ಮಾತು ಕೊಟ್ಟವಳು ನಾನು. ಮದುವೆ ಮುಗಿದು ಕಾಲೇಜಿಗೆ ಹೊರಡೋ ಬೆಳಿಗ್ಗೆ ನೀನು ಜಡೆ ಹಾಕ್ಕೊಂಡು ನಿಂತಿದ್ದೆ. ಇವತ್ತೊಂದು ದಿನ ಇರು, ನನಗೆ ಸೊಂಟ ನೋವು ಅಂದೆ. ನಾಳೆನೂ ಅಂದೆ. ಆಮೇಲೆ ನೀನು ಕೇಳೋದೇ ಬಿಟ್ಟೆ.” ಅತ್ತೆ ಕೈಯೊರೆಸಿಕೊಂಡರು. “ನಿನ್ನನ್ನ ರಜೆ ಮೇಲೆ ಕೂರಿಸಿದವಳು ನಾನೇ ಕಣೇ. ಸಾಕು ಇನ್ನು. ಹೋಗು.”

ಗಂಡ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟ.

“ಹಾಗಾದ್ರೆ ಸಂಜೆ ಅಡುಗೆ?” ಎಂದ, ಮೆಲ್ಲಗೆ.

“ಊರಿನವರ ಮಿಕ್ಸಿ ಎಲ್ಲ ಬಿಚ್ಚಿ ಜೋಡಿಸ್ತೀಯ. ಮನೇಲಿರೋದನ್ನ ಒಂದು ಸಲ ತಿರುಗಿಸೋಕೆ ಬರಲ್ವಾ ನಿನಗೆ?”

ಅವನು ಕಿವಿ ಕೆರೆದುಕೊಂಡ. “ಉಪ್ಪು ಎಷ್ಟು ಅಂತ ಹೇಳಿಕೊಟ್ರೆ ಬರುತ್ತೆ,” ಎಂದ.

ಶನಿವಾರ ಅವಳು ಅರ್ಜಿ ತುಂಬಿದಳು. ಸೋಮವಾರ ಕಾಲೇಜು ಕೊಟ್ಟ ಪತ್ರ ತರಬೇತಿ ಕೇಂದ್ರಕ್ಕೆ ತಲುಪಿತು, ಕೆಲಸ ಉಳಿಯಿತು. ಅದೇ ಸಂಜೆ ಮೊದಲ ತರಗತಿ. ಬೆಂಚು ಅವಳ ನೆನಪಿಗಿಂತ ಇಕ್ಕಟ್ಟಾಗಿತ್ತು. ಪಕ್ಕದಲ್ಲಿ ಆಸ್ಪತ್ರೆಯ ಆಯಾ, ಹಿಂದೆ ತರಕಾರಿ ಮಾರುವವಳು. ಪಾಠ ಮಾಡುವ ಹುಡುಗಿ ಇವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಅವಳು ಹಾಜರಿ ಕೂಗುತ್ತಾ ಹೊಲಿಗೆ ಟೀಚರ್ ಹೆಸರಿಗೆ ಬಂದಳು. ಇವಳು ಆ ಹಾಜರಿ ಪುಸ್ತಕವನ್ನೇ ನೋಡುತ್ತಾ ಕೂತುಬಿಟ್ಟಳು. ಆಯಾ ಇವಳ ಕೈ ಹಿಡಿದು ಮೇಲೆತ್ತಿ, “ಬಂದಿದ್ದಾರೆ ಮೇಡಂ, ಬರೀರಿ,” ಎಂದಳು.

ಅಕ್ಕತಂಗಿಯರೇ, ನಿಮ್ಮ ಓದು ಅರ್ಧಕ್ಕೆ ನಿಂತಿದೆಯೇ? ಎಲ್ಲ ಕಾಲೇಜುಗಳಲ್ಲೂ ‘ರಜೆ’ ಎಂದು ಬರೆದಿರುವುದಿಲ್ಲ. ಹಳೆಯ ಕಾಗದಗಳು ಎಲ್ಲ ಕಡೆ ಸಿಗುತ್ತವೆ ಎಂದೂ ಹೇಳಲಾಗದು. ಆದರೂ ಒಮ್ಮೆ ಕಚೇರಿಗೆ ಹೋಗಿ ಕೇಳಿ. ನಿಮ್ಮ ಗುರುತಿನ ಚೀಟಿ ಜೊತೆಗಿರಲಿ. ಅಂಕಪಟ್ಟಿ ಸಿಗದಿದ್ದರೆ ನಕಲು ಪ್ರತಿ ಪಡೆಯುವುದು ಹೇಗೆಂದು ವಿಚಾರಿಸಿ. ಸಂಜೆ ತರಗತಿ ಇದೆಯೇ, ಹಳೆಯ ಅಂಕಗಳು ನಡೆಯುತ್ತವೆಯೇ, ಕಡೇ ದಿನ ಯಾವುದು ಎಂದು ತಿಳಿದುಕೊಳ್ಳಿ. ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ.

ಮನೆಯ ಹಿರಿಯರೇ, ಗಂಡಸರೇ, ನಿಮ್ಮ ಮನೆಯಲ್ಲಿ ಯಾವ ಹೆಣ್ಣುಮಗಳ ಓದು ಅರ್ಧಕ್ಕೆ ನಿಂತಿದೆ ಎಂದು ಇವತ್ತು ನೆನಪು ಮಾಡಿಕೊಳ್ಳಿ. ಅವಳು ಕೇಳುವುದನ್ನೇ ಬಿಟ್ಟಿರಬಹುದು. ನೀವೇ ಕೇಳಿ.