ಎಮ್ಮೆ ಅಧ್ಯಕ್ಷರಾದ ದಿನ

ಹಿರೀಸಾವೆ ಹತ್ತಿರದ ಒಂದು ಊರಿನ ಹಾಲಿನ ಡೈರಿಯಲ್ಲಿ ಬೆಳಗಾದರೆ ಒಂದೇ ಗಲಾಟೆ: 'ನನ್ನ ಹಾಲಿಗೆ ಫ್ಯಾಟ್ ಎಷ್ಟು ಬಂತು?' ಅದನ್ನು ಫೋನಿನಲ್ಲೇ ನೋಡಿಕೊಳ್ಳಲಿ ಎಂದು ಸಂಜಯ್ ಒಂದು ಆ್ಯಪ್ ಬರೆದ. ಹಾಸನದ ಸಣ್ಣ ಕಂಪನಿಯಲ್ಲಿ ಕೆಲಸ ಮಾಡುವ ಅವನು ಡೈರಿ ಅಧ್ಯಕ್ಷ ಪುಟ್ಟರಾಜು ಅವರ ಮಗ. ಡೈರಿ ಸಮಿತಿಯವರು ಆಗಲೇ ಅದರಲ್ಲಿ ಹೆಸರು ನೋಂದಾಯಿಸಿದ್ದರು. ಮರುದಿನ ಊರಿಗೆಲ್ಲ ಬಿಡುಗಡೆ.

ಅಷ್ಟರಲ್ಲಿ ಅವನ ಸಹೋದ್ಯೋಗಿ, ಹೊಳೆನರಸೀಪುರದ ಸಂಘಮಿತ್ರಾ ಲ್ಯಾಪ್‌ಟಾಪ್ ಹಿಡಿದು ಅವನ ಮನೆಗೆ ಬಂದಳು. "ನೋಂದಣಿ ಕೋಡ್‌ನ ಇನ್ನೊಬ್ರು ನೋಡ್ಬೇಕು ಕಣೋ."

ಸಂಜಯನಿಗೆ ಉರಿಯಿತು. "ಚೆನ್ನಾಗ್ ಓಡ್ತೈತೆ ಕಣೇ. ನನ್ ಮೇಲೆ ಅನುಮಾನಾನಾ?"

"ನನ್ ಮಗ ಬರ್ದವ್ನೆ ಅಂದ್ಮೇಲೆ ಮುಗೀತಲ್ಲವ್ವ?" ಎಂದರು ಜಗಲಿಯಲ್ಲಿ ಕೂತಿದ್ದ ಪುಟ್ಟರಾಜು.

ಡೈರಿಯಲ್ಲಿ ಹಾಲು ಪರೀಕ್ಷಿಸುವವರು ಅವರ ಹೆಂಡತಿ ಅನಸೂಯಮ್ಮ. ಒಳಗಿನಿಂದಲೇ ಕೂಗಿದರು: "ನಿಮ್ ಕ್ಯಾನಿಗೂ ಲ್ಯಾಕ್ಟೋಮೀಟ್ರು ಬುಡಲ್ವಾ ನಾನು? ಗಂಡ ಅಂತ ಸುಮ್ಕಿರ್ತೀನಾ? ನೋಡ್ಲಿ ಬುಡಿ!"

ಸಂಜಯ್ ತೋರಿಸಿದ. "ಹೆಸ್ರು, ಫೋನ್ ನಂಬರು, ಪಾಸ್‌ವರ್ಡು, ಅಷ್ಟೇ ಕೇಳೋದು. ಅಧ್ಯಕ್ಷ ಅಂತ ಬರ್ಕೊಳಕ್ಕೆ ಜಾಗಾನೇ ಇಲ್ಲ."

"ಫೋನಲ್ಲಿಲ್ಲ. ಫೋನ್ ಬಿಟ್ಟು ಸರ್ವರ್‌ಗೆ ನೇರವಾಗಿ ಕಳಿಸಿದ್ರೆ?" ಸಂಘಮಿತ್ರಾ ಕೊಟ್ಟಿಗೆಯತ್ತ ನೋಡಿದಳು. "ಆ ಎಮ್ಮೆ ಹೆಸ್ರೇನು?"

"ಗೌರಿ."

ಅವಳು ಟೈಪು ಮಾಡಿದಳು: ಹೆಸರು ಗೌರಿ, ಯಾವುದೋ ಒಂದು ನಂಬರು, ಒಂದು ಪಾಸ್‌ವರ್ಡು, ಜೊತೆಗೆ ಯಾರೂ ಕೇಳದಿದ್ದ 'ಹುದ್ದೆ: ಅಧ್ಯಕ್ಷರು'. ಸರ್ವರ್ ಕಣ್ಣುಮುಚ್ಚಿ ಒಪ್ಪಿತು. 'ಸ್ವಾಗತ, ಅಧ್ಯಕ್ಷರಾದ ಗೌರಿ!'

"ಲೇ ಸಂಜಯ, ನನ್ ಕುರ್ಚೀಲಿ ಎಮ್ಮೆ ಕೂರಿಸ್ಬುಟ್ಟೇನ್ಲಾ?"

ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಅಧ್ಯಕ್ಷರ ಮುಂದೆ ಸಮಿತಿಯವರ ನಂಬರು, ಪಾಸ್‌ವರ್ಡುಗಳೆಲ್ಲ ಇದ್ದ ಹಾಗೇ ತೆರೆದುಕೊಂಡವು. ಪುಟ್ಟರಾಜು ಅವರದು 'ಗೌರಿ123'.

ಅನಸೂಯಮ್ಮ ಕನ್ನಡಕ ಏರಿಸಿ ಓದಿದರು. "ಕಟ್ಕಂಡೋಳು ನಾನಿವ್ನಿ, ಎಮ್ಮೆ ಹೆಸ್ರು ಇಟ್ಕಂಡವ್ರೆ!"

"ಮೆತ್ತಗೆ ಕಣೇ! ಬ್ಯಾಂಕಿನ ಆ್ಯಪಿಗೂ ಅದೇ ಇಟ್ಟಿವ್ನಿ."

ಸಂಜಯನ ಮುಖ ಇಳಿಯಿತು. ನಾಳೆ ಊರಿಗೆ ಊರೇ ಅವನನ್ನು ನಂಬಿ ಇದನ್ನೆಲ್ಲ ಬರೆಯುವುದಿತ್ತು. "ಕೂತ್ಕೋ ಮಿತ್ರಾ. ಇನ್ನೇನೇನ್ ಐತೆ ಹೇಳು."

ಸಂಜೆಯವರೆಗೂ ಇಬ್ಬರೂ ಕೂತು ತಿದ್ದಬೇಕಾದದ್ದನ್ನು ಪಟ್ಟಿ ಮಾಡಿದರು. ಬಂದವರು ತಮ್ಮ ಹುದ್ದೆ ತಾವೇ ಹೇಳುವಂತಿಲ್ಲ, 'ಸದಸ್ಯ' ಎಂದು ಸರ್ವರೇ ಬರೆದುಕೊಳ್ಳಬೇಕು. ಪಾಸ್‌ವರ್ಡನ್ನು ಕೋಡ್ ಬರೆದವನೂ ಓದಲಾಗದಂತೆ ಹ್ಯಾಶ್ ಮಾಡಿ ಇಡಬೇಕು. ನಂಬರು ಅವರದೇ ಎಂದು ಓಟಿಪಿ ಕಳಿಸಿ ಖಚಿತಪಡಿಸಿಕೊಳ್ಳಬೇಕು. ಇತ್ತ ಪುಟ್ಟರಾಜು ಬ್ಯಾಂಕಿನ ಪಾಸ್‌ವರ್ಡು ಬದಲಿಸಿದರು. ಹೊಸದೇನೆಂದು ಹೆಂಡತಿ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಡೈರಿ ಮುಂದೆ ಸಂಜಯನೇ ಮೈಕು ಹಿಡಿದ. "ಇವತ್ತು ಬಿಡುಗಡೆ ಇಲ್ಲ. ತಪ್ಪು ನಂದೇ. ಸರಿಮಾಡಿದ್ಮೇಲೆ ಸಂಘಮಿತ್ರಾ ಇನ್ನೊಂದ್ಸಲ ನೋಡ್ಲಿ, ಬರೋ ವಾರ ಕೊಡ್ತೀನಿ."

ಹಿಂದಿನಿಂದ ಯಾರೋ ಕೂಗಿದರು, "ಉಪ್ಪಿಟ್ಟಾದ್ರೂ ಐತೇನ್ಲಾ?"

"ಐತೆ ಕಣಣ್ಣೋ!"

ಜನ ಉಪ್ಪಿಟ್ಟು ತಿಂದು ಮನೆಗೆ ಹೋದರು. ಯಾರ ನಂಬರೂ ಎಲ್ಲಿಗೂ ಹೋಗಲಿಲ್ಲ.

ಕೋಡ್ ಬರೆಯುವ ಅಣ್ಣ ಅಕ್ಕಂದಿರೇ, ನೋಂದಣಿಯ ಕೋಡನ್ನು ಬಿಡುಗಡೆಗೆ ಮೊದಲು ಇನ್ನೊಬ್ಬರ ಕೈಗೆ ಕೊಡಿ. ಬೈಸಿಕೊಳ್ಳುವುದಿದ್ದರೆ ಒಬ್ಬ ಗೆಳತಿಯಿಂದ ಬೈಸಿಕೊಳ್ಳಿ, ಇಡೀ ಊರಿನಿಂದಲ್ಲ. ನೀವು ಆ್ಯಪಿಗೆ ಹೆಸರು ಕೊಡುವವರೇ? ಹಾಗಾದರೆ ಸಂಕೋಚಪಡದೆ ಕೇಳಿ: "ಬರೆದವರನ್ನು ಬಿಟ್ಟು ಇದನ್ನು ಬೇರೆ ಯಾರು ನೋಡಿದ್ದಾರೆ?"